ಏಳನೆಯ ಷರತ್ತು

ಕಾಗದ ಬರುವುದು ಮಲೆಯಾಳದಲ್ಲಿ.
ಕನ್ನಡ ಮಾತ್ರ ಓದಬಲ್ಲವರಿಗಾಗಿ ಅದನ್ನು ದಾಟಿಸುವುದು
ನನ್ನ ಕೆಲಸ, ಪುಟಕ್ಕೆ ಇಷ್ಟು ಎಂದು ಕೂಲಿ.
ಜನನ, ಮರಣ, ಕಟ್ಟಡ ತೆರಿಗೆ, ಹುಚ್ಚುನಾಯಿಯ ಲಸಿಕೆ,
ಹದಿನಾಲ್ಕು ವರ್ಷ ದಾಟಿಸಿದ್ದೇನೆ. ಒಂದೂ ಮುಳುಗಿಲ್ಲ.

ಇವತ್ತು ಏಳನೆಯ ಷರತ್ತಿನಲ್ಲಿ ಕಾಲು ಸಿಕ್ಕಿಕೊಂಡಿತು:
'ಖನಿಜ ಹುಡುಕಲು ಪರವಾನಗಿ ಪಡೆದವರು
ತೋಡಿನಿಂದ ಐವತ್ತು ಮೀಟರಿನೊಳಗೆ
ತೋಡಬಾರದು.'
ಬರೆದೆ, ಓದಿದೆ, ನಗು ಬಂತು.
ಆಮೇಲೆ ನಿಂತಿತು.

ಘಟ್ಟದ ಮೇಲಿನವರಿಗೆ ಅದು ಕ್ರಿಯಾಪದ,
ಹಾರೆ ಹಿಡಿದವನಿಗೆ ಕೊಡುವ ಅಪ್ಪಣೆ.
ನಮಗೆ ಮೊಣಕಾಲುದ್ದ ನೀರು,
ಹೆಬ್ಬೆರಳು ಕಚ್ಚುವ ಮೀನು,
ಶಾಲೆಗೆ ಹೋಗುವಾಗ ತಲೆಯ ಮೇಲೆ ಚೀಲ.
ತನ್ನನ್ನು ಅಗೆಯುವ ಹಾರೆಯನ್ನು
ತನ್ನ ಹೆಸರಲ್ಲೇ ಹೊತ್ತುಕೊಂಡು ಹರಿಯುತ್ತದೆ
ಕುಂಟಡ್ಕದ ತೋಡು, ಪಯಸ್ವಿನಿಯ ಕಡೆಗೆ.

ಪರವಾನಗಿ ಬಿಜೇಶನದು. ಒಳ್ಳೆಯ ಹುಡುಗ.
ಕೈಯಲ್ಲೊಂದು ಸುತ್ತಿಗೆ, ಹೆಗಲಲ್ಲಿ ಪುಟ್ಟ ಬಟ್ಟೆಚೀಲಗಳು,
ಒಂದೊಂದಕ್ಕೂ ನಂಬರು.
'ಅಗೆಯುವುದಿಲ್ಲ ಮಾಷೆ, ಕೆರೆದು ನೋಡುವುದಷ್ಟೆ' ಎಂದಿದ್ದ
ಹೋದ ಪಗ್ಗುವಿನಲ್ಲಿ.
ಆಳೆತ್ತರದ ಗುಂಡಿ, ಇಪ್ಪತ್ತೊಂದು.
ಸಣ್ಣ ಪ್ರಮಾಣದ ಹುಡುಕಾಟಕ್ಕೆ ತಪಾಸಣೆ ಬೇಕಿಲ್ಲ
ಎಂದಿತ್ತು ಹಳೆಯ ಆದೇಶ.
ಅದನ್ನೂ ನಾನೇ ಕನ್ನಡಕ್ಕೆ ತಂದಿದ್ದೆ,
ತಪ್ಪಿಲ್ಲದೆ.

ಮೊದಲ ಮಳೆಗೇ ಗುಂಡಿಗಳ ಬಾಯಿ ಕುಸಿದು
ಬಿಳಿಯ ಚೇಡಿಮಣ್ಣು ತೋಡಿಗಿಳಿಯಿತು.
ಮೂರು ದಿನ ಹಾಲಿನಂತೆ ಹರಿಯಿತು ನೀರು.
ಏಡಿಗಳು ದಂಡೆಗೆ ಬಂದು ಹಾಗೇ ಕೂತಿದ್ದವು.
ಬೀಫಾತುಮ್ಮ ಒಂದು ಕೊಡ ತುಂಬಿ ತಂದು
ಕಾರ್ಯದರ್ಶಿಯ ಮೇಜಿನ ಮೇಲೆ ಕುಕ್ಕಿದಳು:
'ಇಕೊಳ್ಳಿ, ಇನ್ನು ಚಾಯಕ್ಕೆ ಹಾಲು ಬೇಡ.'

ಆ ಕೊಡದಿಂದ ಹುಟ್ಟಿದ್ದು ಈ ಏಳನೆಯ ಷರತ್ತು,
ಒಂಬತ್ತು ತಿಂಗಳಿಗೆ.

ಮಧ್ಯಾಹ್ನ ಸಭೆಯಲ್ಲಿ ಓದಿ ಹೇಳಿದೆ.
ಹಿಂದಿನ ಬೆಂಚಿನಿಂದ ಮಾಂಕು ನಾಯ್ಕ ಎದ್ದ.
ಗುಡ್ಡದ ಹೊಟ್ಟೆಯೊಳಗೆ ಮೊಂಬತ್ತಿ ಹಿಡಿದು ತೆವಳಿ
ಅರುವತ್ತು ಸುರಂಗ ಕೊರೆದ ಬೆನ್ನು,
ಪೂರ್ತಿ ನೆಟ್ಟಗಾಗುವುದಿಲ್ಲ.
'ನಾನೂ ತೋಡುವವನೇ' ಎಂದ.
'ಹಣೆಗೆ ತಂಪು ತಾಗಿದರೆ ಪಿಕ್ಕಾಸು ಕೆಳಗಿಡಬೇಕು.
ಅಲ್ಲಿಂದ ಒಂದು ಮೊಳ ಮುಂದೆ ಹೋದರೂ ಅದು ಕಳವು.
ಇರಲಿ.
ಈ ಐವತ್ತು ಮೀಟರು ಎಲ್ಲಿಂದ ಅಳೆಯುವುದು?
ಸುಗ್ಗಿಯ ತೋಡಿನಿಂದಲೋ, ಆಟಿಯ ತೋಡಿನಿಂದಲೋ?'

ಫ್ಯಾನು ತಿರುಗುತ್ತಿತ್ತು.

ಸಂಜೆ ಟೇಪು ಹಿಡಿದು ಹೋದೆವು, ಮೂವರು.
ಈಗ ಸುಗ್ಗಿ. ತೋಡು ಬಟ್ಟೆ ಒಣಗಿಸುವ ಹಗ್ಗದಷ್ಟು.
ನೀರಿನ ಅಂಚಿನಿಂದ ಅಳೆದರೆ
ಷರತ್ತಿನೊಳಗೆ ಬೀಳುವುದು ಮೂರೇ ಗುಂಡಿ.
ಬಿಜೇಶ ಸಮಾಧಾನದಿಂದ ಬರೆದುಕೊಂಡ.
ಮಾಂಕು ಮಾತಾಡಲಿಲ್ಲ.
ಅಷ್ಟು ದೂರದ ಹೊಂಗೆಯ ಬಳಿಗೆ ಹೋಗಿ
ತಲೆಗಿಂತ ಮೇಲಿನ ಕೊಂಬೆಗೆ ಕೈ ತೋರಿಸಿದ:
ಮಗುವಿನ ನೀಲಿ ಚಪ್ಪಲಿ, ಒಂದೇ ಕಾಲಿನದು,
ಹೋದ ಆಟಿಯ ನೆರೆ ಸಿಕ್ಕಿಸಿ ಹೋದದ್ದು.
'ಇಲ್ಲಿಂದ ಅಳೆ ಮಗಾ.'

ಹದಿನೇಳು.
ಬಿಜೇಶ ಎರಡು ಸಲ ಎಣಿಸಿದ.
'ಹಾಗಾದರೆ ನಾನು ಎಲ್ಲಿ ಹುಡುಕಲಿ?'
ಉತ್ತರ ನನ್ನಲ್ಲಿರಲಿಲ್ಲ.
ಮಾಂಕುವಿನಲ್ಲಿ ಇತ್ತೋ ಏನೋ,
ಅವನು ಕೂತು ಪಾದ ತೊಳೆಯುತ್ತಿದ್ದ.

ರಾತ್ರಿ ಮತ್ತೆ ಮೇಜಿಗೆ ಕೂತೆ.
ಇಷ್ಟು ವರ್ಷದಲ್ಲಿ ಒಂದಕ್ಷರ ನನ್ನದೆಂದು ಸೇರಿಸಿದವನಲ್ಲ.
ಏಳನೆಯ ಷರತ್ತು ಹೊಡೆದುಹಾಕಿ
ಹೊಸದಾಗಿ ಬರೆದೆ:
'ಆಟಿಯ ತೋಡಿನಿಂದ ಐವತ್ತು ಮೀಟರಿನೊಳಗೆ.'
ಒಂದೇ ಮಾತು ಹೆಚ್ಚು.
ನಾಳೆ ಯಾರಾದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ
ನನ್ನ ಕೂಲಿ ಹೋಗುತ್ತದೆ.

ಶಾಯಿಯ ಪ್ಯಾಡು ಒಣಗಿತ್ತು. ಎರಡು ಹನಿ ನೀರು ಬಿಟ್ಟು
ಪ್ರತಿ ಪುಟದ ಕೆಳಗೂ ಒತ್ತಬೇಕಾದ ಮುದ್ರೆ ಒತ್ತಿದೆ:
'ಮೂಲಕ್ಕೆ ನಿಷ್ಠವಾಗಿದೆ.'
ಯಾವ ಮೂಲಕ್ಕೆ ಎಂದು
ಮುದ್ರೆ ಕೇಳುವುದಿಲ್ಲ.